ದಂಡೆಯ ಮೇಲಿನ ಪ್ರೀತಿ ನೀರಿನ ಮೇಲೂ ಇರಲಿ

ಬೆಂಗಳೂರಿನ ಕೆರೆದಂಡೆಗಳಲ್ಲಿ ಬೆಳಗಾಯಿತೆಂದರೆ ಜನವೋ ಜನ. ಹಲಸೂರು, ಸ್ಯಾಂಕಿ, ಜಕ್ಕೂರು, ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ, ಎಲ್ಲೆಡೆಯೂ ಇದೇ ನೋಟ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರ ಸಲಹೆಯಂತೆ ನಡೆಯುತ್ತಾರೆ. ವಯಸ್ಸಾದವರು ತಂಗಾಳಿಗೆ ಕುಳಿತಿರುತ್ತಾರೆ, ಮಕ್ಕಳು ಕೊಕ್ಕರೆ ಎಣಿಸುತ್ತಾರೆ. ಕೆರೆ ಕಾಣುವ ಮನೆಗೆ ಬೆಲೆಯೂ ಹೆಚ್ಚು.

ಈ ಬೆಲೆ ತಿಳಿದದ್ದು ಕಳೆದುಕೊಂಡ ಮೇಲೆ. ಧರ್ಮಾಂಬುಧಿ ಕೆರೆಯಿದ್ದ ಜಾಗ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೈಕೊಂಡರಹಳ್ಳಿ ಕೆರೆ ಉಳಿದದ್ದು ಸುತ್ತಲಿನ ನಿವಾಸಿಗಳು ಮಹಾನಗರ ಪಾಲಿಕೆಯ ಜೊತೆ ನಿಂತು ದುಡಿದದ್ದರಿಂದ.

ಆದರೆ ಪ್ರೀತಿ ದಂಡೆಯಲ್ಲೇ ನಿಂತರೆ ಸಾಲದು. ಬೆಳ್ಳಂದೂರು ಕೆರೆಗೆ ಹರಿದ ಕೊಳಚೆ ಮತ್ತು ಸಾಬೂನು ಪುಡಿಯಿಂದ 2015ರಲ್ಲಿ ನೊರೆ ಎದ್ದು ರಸ್ತೆಗೇ ಬಂತು. 2018ರ ಜನವರಿಯಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಹೊತ್ತಿಕೊಂಡಿತು. ಅಲ್ಲಿಂದ ನೀರು ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರಿ ನಮ್ಮ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಇಲ್ಲಿಯೂ ನೊರೆ ಕಾಣಿಸಿಕೊಂಡದ್ದು ನಿಮಗೆಲ್ಲ ಗೊತ್ತೇ ಇದೆ. ನಗರದವರಿಗೆ ಕೆರೆ ಗಾಳಿ ಸೇವನೆಯ ಜಾಗ, ನಮಗಾದರೋ ಅದೇ ನೀರು ಹೊಲದ ಬದುಕು.

ಆದ್ದರಿಂದ ಈ ನೀರು ಬಳಸುವ ರೈತ ಕುಟುಂಬಗಳು ಕೆಲವು ಎಚ್ಚರಿಕೆ ವಹಿಸಬೇಕು:

1. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್‌ಗಳಿಗೆ ಈ ನೀರು ಬೇಡ.
2. ನೀರು ಹಾಯಿಸುವಾಗ ರಬ್ಬರ್ ಬೂಟು ಹಾಕಿಕೊಳ್ಳಿ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ.
3. ಕೆಲಸ ಮುಗಿದ ಮೇಲೆ ಕೈಕಾಲು ಸಾಬೂನಿನಿಂದ ತೊಳೆಯಿರಿ. ಮಕ್ಕಳಿಗೆ ಜಂತುಹುಳದ ಮಾತ್ರೆ ತಪ್ಪಿಸಬೇಡಿ.
4. ನೊರೆಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ, ದನಗಳಿಗೆ ಆ ನೀರು ಕುಡಿಸಬೇಡಿ.
5. ವರ್ಷಕ್ಕೊಮ್ಮೆ ಮಣ್ಣು, ನೀರಿನ ಪರೀಕ್ಷೆ ಮಾಡಿಸಿ.

ನಮ್ಮೂರಿನ ಕೆರೆಗಳ ವಿಷಯದಲ್ಲಿ ನಾವೂ ನಿರ್ಮಲರಲ್ಲ. ಕೋಳಿ ಅಂಗಡಿಯ ಕಸ, ಔಷಧಿ ಸಿಂಪಡಿಸಿದ ಡಬ್ಬಿ ಎಲ್ಲವೂ ಕೆರೆಯ ಕೋಡಿಯಲ್ಲಿ ಬೀಳುತ್ತಿವೆ. ಇದು ಮೊದಲು ನಿಲ್ಲಬೇಕು.

ನಮ್ಮ ಧರ್ಮಕೇಂದ್ರದ ಅನೇಕ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರಿಗೆ ಒಂದು ಮಾತು ಹೇಳಿ: “ನೀನು ನಡೆದಾಡುವ ಕೆರೆ ಚೆನ್ನಾಗಿದೆ, ಸಂತೋಷ. ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಎಲ್ಲಿಗೆ ಹೋಗುತ್ತದೆ, ಶುದ್ಧಿಯಾಗಿ ಹೋಗುತ್ತದೆಯೇ ಎಂದು ಒಮ್ಮೆ ವಿಚಾರಿಸು.” ಅವರು ಅಲ್ಲಿ ಕೇಳುವ ಈ ಪ್ರಶ್ನೆಯಿಂದ ಇಲ್ಲಿ ಅಪ್ಪನ ಹೊಲ ಉಳಿಯಬಹುದು.