ದೊಡ್ಡಿಯೂ ಗುಡಾರವೂ

ಡೆಂಕಣಿಕೋಟೆ, ಅಂಚೆಟ್ಟಿಗಳ ಕಡೆ ಹಲವು ಊರುಗಳ ಹೆಸರು ‘ದೊಡ್ಡಿ’ ಎಂದು ಮುಗಿಯುವುದನ್ನು ಬಾಲಕರು ಗಮನಿಸಿರಬಹುದು. ದೊಡ್ಡಿಯೆಂದರೆ ದನಗಳನ್ನು ಕೂಡುವ ಆವರಣ. ಮೇವನ್ನರಸಿ ಕಾಡು ಹೊಕ್ಕ ದನಗಾಹಿಗಳು ಮುಳ್ಳುಬೇಲಿಯೊಳಗೆ ದನಗಳನ್ನು ಕೂಡಿ, ಬೆಂಕಿ ಆರದಂತೆ ನೋಡಿಕೊಳ್ಳುತ್ತ ಇರುಳು ಕಳೆಯುತ್ತಿದ್ದರು, ಸುಖನಿದ್ರೆಯ ಮಾತೆಲ್ಲಿ!

ರಜೆಯಲ್ಲಿ ಗುಡಾರ ಹೊತ್ತು ಹೊರಡುವ ತರುಣರಿಗಾದರೋ ಬತ್ತಿದ ಹಳ್ಳದ ಮರಳೇ ಮೆತ್ತನೆಯ ಹಾಸಿಗೆಯಾಗಿ ತೋರುತ್ತದೆ. ಆದರೆ ಅದು ಆನೆಗಳ ಹಾದಿ. ಬೇಸಿಗೆಯಲ್ಲಿ ಅವು ಮರಳನ್ನು ಕೆದರಿ ನೀರು ಕುಡಿಯುವುದುಂಟು. ಮೇಲಣ ಬೆಟ್ಟದಲ್ಲಿ ಮಳೆ ಸುರಿದರೆ, ಇಲ್ಲಿ ಹನಿ ಬೀಳದಿದ್ದರೂ ಹಳ್ಳ ತುಂಬಿ ಬರುತ್ತದೆ.

ಈ ಕಾಡುಗಳ ಬಹುಭಾಗವು 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳಾಗಿ ಘೋಷಿತವಾಯಿತು. ಪ್ರವಾಸಿಗಳು ಅರಣ್ಯ ಇಲಾಖೆಯ ಅಪ್ಪಣೆ ಪಡೆದೇ ಒಳಹೋಗತಕ್ಕದ್ದು; ಮನಬಂದಲ್ಲಿ ಗುಡಾರ ಹೂಡುವಂತಿಲ್ಲ.