ಬಿಸಿಲು ಒಡೆದ ನೀರು

ಗೋಡೆಗೆ ಬಳಿಯುವ ಬಿಳಿ ಬಣ್ಣಕ್ಕೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಅಗ್ಗದ ವಸ್ತು, ನೀರಿನಲ್ಲಿ ಕರಗದು. 1967ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಅಕಿರಾ ಫುಜಿಶಿಮಾ ಇದರ ಹರಳೊಂದನ್ನು ದ್ರಾವಣದಲ್ಲಿ ಮುಳುಗಿಸಿ ಪ್ರಖರ ಬೆಳಕು ಹಾಯಿಸಿದರು. ಹರಳಿನ ಮೇಲೆ ಗುಳ್ಳೆಗಳೆದ್ದವು. ಅದು ಆಮ್ಲಜನಕ. ತಂತಿಯಿಂದ ಜೋಡಿಸಿದ್ದ ಪ್ಲಾಟಿನಂ ಬಳಿ ಜಲಜನಕ. ಹರಳು ಮಾತ್ರ ಸವೆಯಲೇ ಇಲ್ಲ.

ಗುರು ಕೆನಿಚಿ ಹೊಂಡಾ ಅವರೊಂದಿಗೆ ಬರೆದ ಪ್ರಬಂಧವನ್ನು 1972ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತು. ಮರುವರ್ಷವೇ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ಕಡಿವಾಣ ಹಾಕಿದವು. ಪೆಟ್ರೋಲಿಗೆ ಪರದಾಡುತ್ತಿದ್ದ ಜಗತ್ತಿಗೆ ನೀರಿನಿಂದ ಇಂಧನ ಸಿಗುತ್ತದೆಂದರೆ ಕೇಳಬೇಕೆ?

ಇದು ನಡೆಯುವ ಬಗೆ ಹೀಗೆ. ಅರೆವಾಹಕದ ಮೇಲೆ ತಕ್ಕಷ್ಟು ಶಕ್ತಿಯ ಬೆಳಕು ಬಿದ್ದರೆ ಒಳಗೆ ಕಟ್ಟುಬಿದ್ದ ಎಲೆಕ್ಟ್ರಾನ್ ಮೇಲಿನ ಹಂತಕ್ಕೆ ಜಿಗಿಯುತ್ತದೆ. ಅದು ತೆರವು ಮಾಡಿದ ಜಾಗವೇ 'ರಂಧ್ರ'. ಈ ರಂಧ್ರ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಆಮ್ಲಜನಕ ಹೊರಬೀಳುತ್ತದೆ. ಜಿಗಿದ ಎಲೆಕ್ಟ್ರಾನ್ ತಂತಿಯಲ್ಲಿ ಹರಿದು ಪ್ಲಾಟಿನಂ ತಲುಪಿ ಜಲಜನಕ ಹುಟ್ಟಿಸುತ್ತದೆ.

ನೀರೊಡೆಯಲು ತಾತ್ವಿಕವಾಗಿ 1.23 ವೋಲ್ಟ್ ಸಾಕು. ಆದರೆ ಟೈಟಾನಿಯಂ ಡೈಆಕ್ಸೈಡ್‌ನೊಳಗೆ ಎಲೆಕ್ಟ್ರಾನ್ ದಾಟಬೇಕಾದ ಕಂದರ ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಅದನ್ನು ದಾಟಿಸಬಲ್ಲದ್ದು ಅತಿನೇರಳೆ ಕಿರಣ. ಬಿಸಿಲಿನಲ್ಲಿ ಅದರ ಪಾಲು ಶೇಕಡ 5ರಷ್ಟು. ಕಣ್ಣಿಗೆ ಕಾಣುವ ಬೆಳಕನ್ನು ಈ ವಸ್ತು ಹೀರುವುದೇ ಇಲ್ಲ. ಅದು ಬೆಳ್ಳಗಿರುವುದೂ ಅದಕ್ಕೇ. ಬಣ್ಣದ ಡಬ್ಬಿಯಲ್ಲಿ ಮೆಚ್ಚುವ ಗುಣ ಇಲ್ಲಿ ದೋಷ.

ಹಾಗಾದರೆ ಬಣ್ಣವಿರುವ ವಸ್ತು ಹುಡುಕೋಣವೆಂದರೆ ಬೇರೆ ತೊಡಕು. ಕಬ್ಬಿಣದ ತುಕ್ಕು ಬಿಸಿಲನ್ನು ಚೆನ್ನಾಗಿ ಹೀರುತ್ತದೆ, ಆದರೆ ಅದರೊಳಗಿನ ರಂಧ್ರಗಳು ಕೆಲವೇ ನ್ಯಾನೊಮೀಟರ್ ಸಾಗುವಷ್ಟರಲ್ಲಿ ಅಳಿಯುತ್ತವೆ. 1998ರಲ್ಲಿ ಅಮೆರಿಕದ ಆಸ್ಕರ್ ಖಾಸೆಲೆವ್ ಮತ್ತು ಜಾನ್ ಟರ್ನರ್ ಗ್ಯಾಲಿಯಂ ಸಂಯುಕ್ತಗಳ ಜೋಡಿ ಪದರದಿಂದ ಬಿಸಿಲಿನ ಶಕ್ತಿಯ ಶೇಕಡ 12.4 ಭಾಗವನ್ನು ಜಲಜನಕವಾಗಿಸಿದರು. ಬೆರಗಿನ ಸಾಧನೆ. ಆದರೆ ಆ ವಸ್ತು ದುಬಾರಿ, ದ್ರಾವಣದಲ್ಲಿ ಸವೆಯುವಂಥದು. ಬಾಳುವುದಕ್ಕೆ ಬಿಸಿಲು ಹತ್ತದು, ಬಿಸಿಲು ಹತ್ತುವುದು ಬಾಳದು ಎಂಬ ಈ ಪೇಚು ಅರ್ಧ ಶತಮಾನದಿಂದ ಸಂಶೋಧಕರನ್ನು ಕಾಡಿದೆ.

2014ರಲ್ಲಿ ಕ್ಯಾಲಿಫೋರ್ನಿಯಾದ ನೇಥನ್ ಲೂಯಿಸ್ ತಂಡ ಬೇರೆ ದಾರಿ ಹಿಡಿಯಿತು. ಬಿಸಿಲು ಹೀರುವ ಸಿಲಿಕಾನ್‌ಗೆ ಅದೇ ಹಳೆಯ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಕವಚ ತೊಡಿಸಿತು. ಸಿಲಿಕಾನ್ 100 ಗಂಟೆಗೂ ಹೆಚ್ಚು ಕೆಲಸ ಮಾಡಿತು. ಮನೆಯ ಮೇಲಿನ ಸೌರಫಲಕ 25 ವರ್ಷ ಬಾಳುತ್ತದೆ. ಜಗತ್ತಿನ ಬಹುಪಾಲು ಜಲಜನಕ ಇಂದಿಗೂ ಬರುತ್ತಿರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ.