ವಯಸ್ಕರ ಮಧುಮೇಹ: ಯಾವ ಬಗೆಯೆಂದು ತಿಳಿಯುವುದು ಹೇಗೆ?

ಹುಕ್ಕೇರಿಯ ಶಿಕ್ಷಕರೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 38, ತೆಳ್ಳನೆಯ ಮೈಕಟ್ಟು. ಎರಡು ವರ್ಷಗಳ ಹಿಂದೆ ಮಧುಮೇಹವೆಂದು ತಿಳಿದು ಮಾತ್ರೆ ಆರಂಭಿಸಿದರು. ಮೊದಲ ವರ್ಷ ಎಲ್ಲವೂ ಹತೋಟಿಯಲ್ಲಿತ್ತು. ಈಗ ಮಾತ್ರೆಗಳು ಎರಡರಿಂದ ನಾಲ್ಕಾದರೂ ಸಕ್ಕರೆ ಇಳಿಯುತ್ತಿಲ್ಲ. ಇಳಿಯುತ್ತಿರುವುದು ತೂಕ ಮಾತ್ರ. 'ಗೋಕಾಕದ ಕರದಂಟು ಬಿಟ್ಟಿಲ್ಲ, ಅದಕ್ಕೇ ಹೀಗೆ' ಎಂದು ಮನೆಯವರ ದೂರು. ತಪ್ಪು ನಾಲಗೆಯದೇ? ಅಥವಾ ರೋಗದ ಬಗೆಯನ್ನು ಗುರುತಿಸುವುದರಲ್ಲೇ ತಪ್ಪಾಗಿದೆಯೇ?

'ಒಂದನೆಯ ಬಗೆ ಮಕ್ಕಳಿಗೆ, ಎರಡನೆಯ ಬಗೆ ದೊಡ್ಡವರಿಗೆ' ಎಂದು ನಾವು ಪಾಠ ಹೇಳುತ್ತೇವೆ. ಇದು ಅರ್ಧ ಸತ್ಯ. ಒಂದನೆಯ ಬಗೆ ಯಾವ ವಯಸ್ಸಿನಲ್ಲೂ ಬರಬಹುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುಪಾಲು ಎರಡನೆಯ ಬಗೆಯವರು. ಆದ್ದರಿಂದ ವೈದ್ಯರು ಮೊದಲು ಅದನ್ನೇ ಊಹಿಸುವುದು ಸಹಜ. ಆದರೆ ಗುಂಪಿಗೆ ಸರಿಹೊಂದುವ ಊಹೆ ಎದುರಿಗಿರುವ ಒಬ್ಬ ವ್ಯಕ್ತಿಗೆ ತಪ್ಪಾಗಬಹುದು.

ಜಲಾಶಯವೋ, ಕಾಲುವೆಯೋ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಅಣೆಕಟ್ಟು ಇದೆ. ಕಾಲುವೆಯನ್ನು ನಂಬಿದ ಮೂಡಲಗಿ ಕಡೆಯ ಕಬ್ಬಿನ ಹೊಲವೊಂದು ಒಣಗಿತೆನ್ನಿ. ಕಾರಣ ಎರಡಿರಬಹುದು: ಜಲಾಶಯವೇ ಬರಿದಾಗಿದೆ, ಇಲ್ಲವೇ ನೀರಿದ್ದರೂ ಕಾಲುವೆಯಲ್ಲಿ ಹೂಳು ತುಂಬಿದೆ. ಹೊಲದ ತೇವವನ್ನು ಎಷ್ಟು ಸಲ ಅಳೆದರೂ ಕಾರಣ ತಿಳಿಯದು.

ಮಧುಮೇಹವೂ ಹೀಗೆಯೇ. ಒಂದನೆಯ ಬಗೆಯಲ್ಲಿ ದೇಹದ ರೋಗರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುತ್ತದೆ, ಇನ್ಸುಲಿನ್ ಬತ್ತುತ್ತದೆ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕ್ರಮೇಣ ಬೀಟಾ ಕೋಶಗಳೂ ಸೋಲುತ್ತವೆ. ಉಪವಾಸದ ರಕ್ತದಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಗ್ಲೂಕೋಸ್, ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು - ಇವು ಮಧುಮೇಹ ಇದೆಯೆಂದು ಹೇಳುತ್ತವೆ. ಯಾವ ಬಗೆಯೆಂದು ಹೇಳುವುದಿಲ್ಲ.

ಮೈಕಟ್ಟನ್ನು ನೋಡಿ ಹೇಳಬಹುದೇ? ನಮ್ಮಲ್ಲಿ ಅದು ಇನ್ನೂ ಕಷ್ಟ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ 2004ರಲ್ಲಿ ತಮ್ಮದೇ ದೇಹಗಳ ಲೆಕ್ಕ ಪ್ರಕಟಿಸಿದರು. ಇಬ್ಬರ ದೇಹ ತೂಕ ಸೂಚ್ಯಂಕವೂ 22.3, ಆದರೆ ಕೊಬ್ಬಿನ ಪ್ರಮಾಣ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ತೆಳ್ಳಗಿರುವ ಭಾರತೀಯನಿಗೂ ಎರಡನೆಯ ಬಗೆ ಬರಬಹುದು. ತೆಳುವಾಗಿರುವುದು ಸಂಶಯಕ್ಕೆ ಕಾರಣ, ಸಾಕ್ಷ್ಯವಲ್ಲ.

ಭೌತವಿಜ್ಞಾನಿಯ ಕೊಡುಗೆ

ಇನ್ಸುಲಿನ್ನನ್ನೇ ಅಳೆಯುವುದು ಹೇಗೆ? ರಕ್ತದಲ್ಲಿ ಅದರ ಪ್ರಮಾಣ ಅತ್ಯಲ್ಪ. ಈ ಸಮಸ್ಯೆಯನ್ನು ಬಿಡಿಸಿದವರು ಪರಮಾಣು ಭೌತವಿಜ್ಞಾನದಲ್ಲಿ ತರಬೇತಿ ಪಡೆದಿದ್ದ ಅಮೆರಿಕದ ರೊಸಾಲಿನ್ ಯಾಲೊ ಮತ್ತು ಅವರ ಸಹೋದ್ಯೋಗಿ ವೈದ್ಯ ಸಾಲೊಮನ್ ಬರ್ಸನ್. ಗೋಕಾಕದಿಂದ ಹೊರಡುವ 40 ಆಸನಗಳ ಬಸ್ಸನ್ನು ನೆನೆಯಿರಿ. ಕೆಂಪು ಟೊಪ್ಪಿಗೆಯ 40 ಜನ ಕಾದಿದ್ದಾರೆ. ಟೊಪ್ಪಿಗೆಯಿಲ್ಲದವರೂ ನುಗ್ಗಿದರೆ ಕುಳಿತವರಲ್ಲಿ ಕೆಂಪು ಟೊಪ್ಪಿಗೆಗಳು ಕಡಿಮೆಯಾಗುತ್ತವೆ. ಎಷ್ಟು ಕಡಿಮೆಯಾದವು ಎಂಬುದರಿಂದ ನುಗ್ಗಿದವರ ಸಂಖ್ಯೆಯನ್ನು ಅಂದಾಜಿಸಬಹುದು. ಇಲ್ಲಿ ಆಸನಗಳೆಂದರೆ ಪ್ರತಿಕಾಯಗಳು. ಕೆಂಪು ಟೊಪ್ಪಿಗೆಯವರು ವಿಕಿರಣಶೀಲ ಅಯೊಡಿನ್ ಅಂಟಿಸಿದ ಇನ್ಸುಲಿನ್. ಉಳಿದವರು ರೋಗಿಯ ಇನ್ಸುಲಿನ್. 1960ರಲ್ಲಿ ವಿವರವಾಗಿ ಪ್ರಕಟವಾದ ಈ ವಿಧಾನದಿಂದ, ವಯಸ್ಕ ಮಧುಮೇಹಿಗಳಲ್ಲಿ ಅನೇಕರ ರಕ್ತದಲ್ಲಿ ಇನ್ಸುಲಿನ್ ಧಾರಾಳವಾಗಿಯೇ ಇರುವುದು ಕಂಡುಬಂತು. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡು ಪರೀಕ್ಷೆಗಳು

ಸಂಶಯವಿದ್ದಾಗ ವೈದ್ಯರು ಮೊದಲು ನೋಡುವುದು ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳನ್ನು. ಇವುಗಳಲ್ಲಿ ಮುಖ್ಯವಾದುದು ಜಿಎಡಿ ಪ್ರತಿಕಾಯ. ರೋಗಲಕ್ಷಣಗಳೂ ಹೊಂದುವಾಗ ಅದು ಸ್ಪಷ್ಟವಾಗಿ ಕಂಡುಬಂದರೆ ಒಂದನೆಯ ಬಗೆಯೆಂದು ಭಾವಿಸಲಾಗುತ್ತದೆ. ಆದರೆ ವಯಸ್ಕರ ಒಂದನೆಯ ಬಗೆಯಲ್ಲಿ ಶೇ. 5ರಿಂದ 10 ಮಂದಿಗೆ ಯಾವ ಪ್ರತಿಕಾಯವೂ ಸಿಗುವುದಿಲ್ಲ. ಸಂಶಯವಿಲ್ಲದ ಎಲ್ಲರಿಗೂ ಈ ಪರೀಕ್ಷೆ ಮಾಡಿದರೆ ಸುಳ್ಳು ಸೂಚನೆಗಳೇ ಹೆಚ್ಚಾಗುತ್ತವೆ.

ಎರಡನೆಯದು ಸಿ-ಪೆಪ್ಟೈಡ್. ಬೀಟಾ ಕೋಶವು ಮೊದಲು ಪ್ರೋಇನ್ಸುಲಿನ್ ಎಂಬ ಉದ್ದ ಸರಪಳಿಯನ್ನು ತಯಾರಿಸಿ ತುಂಡರಿಸುತ್ತದೆ. ಒಂದು ಇನ್ಸುಲಿನ್ ಅಣುವಿಗೆ ಒಂದು ಸಿ-ಪೆಪ್ಟೈಡ್ ಹೊರಬರುತ್ತದೆ. ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿ ಇದಿಲ್ಲ. ಹಾಗಾಗಿ ಇದು ದೇಹದ ಸ್ವಂತ ಉತ್ಪಾದನೆಯ ಅಳತೆ. ಇನ್ಸುಲಿನ್ನಿನ ಅರ್ಧಾಯು ಕೆಲವೇ ನಿಮಿಷ. ಸಿ-ಪೆಪ್ಟೈಡಿನದು ಸುಮಾರು 30 ನಿಮಿಷ. ಅಳೆಯುವುದೂ ಸುಲಭ. ಊಟವಾದ 5 ಗಂಟೆಯೊಳಗೆ, ಜೊತೆಯಲ್ಲೇ ಗ್ಲೂಕೋಸನ್ನೂ ಅಳೆದು ನೋಡಿದಾಗ ಲೀಟರಿಗೆ 200 ಪಿಕೋಮೋಲ್‌ಗಿಂತ ಕಡಿಮೆಯಿದ್ದರೆ ಜಲಾಶಯ ಬರಿದಾಗಿದೆ ಎಂದರ್ಥ. 600ಕ್ಕಿಂತ ಹೆಚ್ಚಿದ್ದರೆ ಎರಡನೆಯ ಬಗೆಯ ಸಂಭವ ಹೆಚ್ಚು. ನಡುವಿನದು ಅನಿಶ್ಚಿತ. ರೋಗ ಶುರುವಾದ ಮೊದಲ ಮೂರು ವರ್ಷ, ಒಂದನೆಯ ಬಗೆಯಲ್ಲೂ ಇದು ಸಾಕಷ್ಟು ಉಳಿದಿರಬಹುದು. ಆದ್ದರಿಂದ ನಮ್ಮ ಶಿಕ್ಷಕರಿಗೆ ಪ್ರತಿಕಾಯ ಪರೀಕ್ಷೆಯೇ ಮೊದಲ ಹೆಜ್ಜೆ.

ನಿಧಾನವಾಗಿ ಬೆಳೆಯುವ ಈ ಸ್ವಪ್ರತಿರಕ್ಷಾ ರೂಪವನ್ನು 'ಲಾಡಾ' ಎನ್ನುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಎಳೆಯ ವಯಸ್ಸಿನಲ್ಲೇ ಬರುವ 'ಮೋಡಿ' ಒಂದೇ ಜೀನಿನ ದೋಷ. ಇದರ ಕೆಲವು ರೂಪಗಳಿಗೆ ಮಾತ್ರೆಯೇ ಸಾಕು. ಮೇದೋಜೀರಕದಲ್ಲಿ ಕಲ್ಲುಗಟ್ಟಿ ಬರುವ ಮಧುಮೇಹವೂ ದಕ್ಷಿಣ ಭಾರತದಲ್ಲಿದೆ. ಅದಕ್ಕೆ ಹೊಟ್ಟೆಯ ಸ್ಕ್ಯಾನ್ ನೆರವಾಗುತ್ತದೆ.

ತಪ್ಪಿದರೆ ಏನಾಗುತ್ತದೆ?

ಇನ್ಸುಲಿನ್ ಬೇಕಾದವರಿಗೆ ಬರೀ ಮಾತ್ರೆ ಕೊಟ್ಟರೆ ದೇಹವು ಕೊಬ್ಬನ್ನು ಕರಗಿಸಿ ಕೀಟೋನುಗಳನ್ನು ತುಂಬಿಕೊಳ್ಳುತ್ತದೆ. ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಅಪಾಯ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚದಿದ್ದರೂ ಹೀಗಾಗಬಹುದು. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇಡದವರಿಗೆ ಜೀವನಪೂರ್ತಿ ಚುಚ್ಚುಮದ್ದು ಹಾಕುವುದೂ ಅನ್ಯಾಯವೇ. ಆದರೆ ನಡೆಯುತ್ತಿರುವ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಬಾರದು.

ನಿಮ್ಮ ಸಹೋದ್ಯೋಗಿಯೊಬ್ಬರು ಹೀಗೆ ಸೊರಗುತ್ತಿದ್ದರೆ ಪಥ್ಯದ ಬಗ್ಗೆ ಉಪದೇಶ ಮಾಡುವ ಮೊದಲು ಒಂದು ಮಾತು ಹೇಳಿ: 'ನನ್ನದು ಯಾವ ಬಗೆ, ಹೇಗೆ ತಿಳಿಯಿತು ಎಂದು ವೈದ್ಯರನ್ನು ಕೇಳಿ.' ಅಳತೆಯಿಲ್ಲದೆ ತೀರ್ಮಾನವಿಲ್ಲವೆಂದು ತರಗತಿಯಲ್ಲಿ ದಿನವೂ ಹೇಳುವವರು ನಾವೇ ಅಲ್ಲವೇ?